ಮೇಕೆಮರಿಗೆ ಕೆಂಪು ಚೀಟಿ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಮಕ್ತುಮ್ ಸಾಬ್ ಹರಿಹರದ ತಮ್ಮ ಮನೆಯ ಮುಂಗೋಣೆಯಲ್ಲಿ ಮೇಜು ಒರೆಸಿ, ಕೈಗಡಿಯಾರ ಬಿಚ್ಚಿ ಬಲಗಡೆ ಇಟ್ಟರು. ಎಡಗಡೆ ಉದ್ದನೆಯ ರಿಜಿಸ್ಟರು, ನಡುವೆ ಎರಡೂ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ. ಅದರ ಪರದೆಯಲ್ಲಿ ಕಂದು ಬಣ್ಣದ ಮೇಕೆಮರಿಯೊಂದು ಹಗ್ಗದ ಸೇತುವೆಯ ಮುಂದೆ ನಿಂತಿತ್ತು. ಸಾಬ್ ಗುಂಡಿ ಒತ್ತಿದರು. ಮರಿ ನಿಧಾನಕ್ಕೆ ನಡೆಯಿತು. ಅದರ ಹಿಂದಿನಿಂದ ಹಲಗೆಗಳು ಒಂದೊಂದಾಗಿ ಉದುರುತ್ತ ಬಂದವು. ಒಂಬತ್ತನೇ ಹಲಗೆಯ ಮೇಲೆ ಮರಿ ಕಾಲಿಟ್ಟಾಗ ಹಲಗೆ ಇರಲಿಲ್ಲ. ಮರಿ ‘ಮ್ಯಾ’ ಎಂದು ಕಣಿವೆಗೆ ಬಿತ್ತು.

ಸಾಬ್ ರಿಜಿಸ್ಟರಿನಲ್ಲಿ ಬರೆದರು: ‘ನೂರಾ ಹದಿನಾಲ್ಕನೇ ಪ್ರಯತ್ನ. ಒಂಬತ್ತನೇ ಹಲಗೆ.’

ಯಂತ್ರದ ಬೆನ್ನಿಗೆ ದಾರದಲ್ಲಿ ಕಟ್ಟಿದ್ದ ಕೆಂಪು ಚೀಟಿ ಫ್ಯಾನಿನ ಗಾಳಿಗೆ ತಿರುಗುತ್ತಿತ್ತು.

ಮಕ್ತುಮ್ ಸಾಬ್‌ಗೆ ಅರವತ್ತಾರು ವರ್ಷ. ಇಪ್ಪತ್ತೊಂದನೇ ವಯಸ್ಸಿಗೆ ಹರಿಹರದಲ್ಲಿ ಲೋಹ ಕಡೆಯುವ ಲೇತ್ ಯಂತ್ರಗಳ ಒಂದು ಕಾರ್ಖಾನೆ ಸೇರಿ ಅದು ಮುಚ್ಚುವವರೆಗೂ ಅಲ್ಲಿದ್ದರು, ಆಮೇಲೆ ದಾವಣಗೆರೆಯ ಒಂದು ವರ್ಕ್‌ಶಾಪಿನಲ್ಲಿ. ಎರಡೂ ಕಡೆ ಅವರದು ಒಂದೇ ಕೆಲಸ, ತಪಾಸಣೆ. ಬೇರೆಯವರು ಮಾಡಿದ್ದನ್ನು ಅಳೆಯುವುದು, ಸರಿಯಿದ್ದರೆ ಹಸಿರು ಚೀಟಿ, ತಿದ್ದಬಹುದಾದರೆ ಹಳದಿ, ಗುಜರಿಗೆ ಹೋಗಬೇಕಾದರೆ ಕೆಂಪು. ಒಮ್ಮೆ ಕಟ್ಟಿದ ಕೆಂಪು ಚೀಟಿಯನ್ನು ಅವರು ಯಾವತ್ತೂ ಬಿಚ್ಚಿರಲಿಲ್ಲ. ಮ್ಯಾನೇಜರ್ ಬಂದು ಕೇಳಿದರೂ ಮೈಕ್ರೋಮೀಟರನ್ನೇ ಅವರ ಕೈಗೆ ಕೊಡುತ್ತಿದ್ದರು.

ಗೇಮುಗಳ ತಪಾಸಣೆಗೆ ಅವರನ್ನು ಎಳೆದು ತಂದವಳು ಫಿಜಾ. ಅವರ ಹೆಂಡತಿ ರಶೀದಾ ಅವರ ತಮ್ಮ ರಜಾಕ್ ಅವರ ಮಗಳು, ಇಪ್ಪತ್ತಾರು ವರ್ಷ, ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ರಿಪೇರಿ ನೋಡಿಕೊಳ್ಳುತ್ತಾಳೆ. ಕಳೆದ ಅಕ್ಟೋಬರಿನಲ್ಲಿ ಹಳೆಯ ವಿಂಡೋಸ್‌ಗೆ ಕಂಪನಿಯ ಬೆಂಬಲ ನಿಂತಿತು. ಹೊಸದು ಹಳೆಯ ಕಂಪ್ಯೂಟರುಗಳಲ್ಲಿ ಕೂರುವುದಿಲ್ಲ. ಅಂಗಡಿಗೆ ಬಂದು ಬಿದ್ದ ಅಂಥ ಕಂಪ್ಯೂಟರುಗಳಿಗೆ ಫಿಜಾ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕತೊಡಗಿದಳು. ಗಿರಾಕಿಗಳ ಮೊದಲ ಪ್ರಶ್ನೆ ಒಂದೇ: ‘ಇದ್ರಾಗೆ ಹುಡುಗ್ರು ಗೇಮ್ ಆಡಾಕ್ ಬರ್ತೈತಾ?’

ಹತ್ತು ವರ್ಷದ ಹಿಂದೆ ಆಗಿದ್ದರೆ ಇಲ್ಲ ಎಂದುಬಿಡಬಹುದಿತ್ತು. ಈಗ ಹಾಗಿಲ್ಲ. ವಿಂಡೋಸ್‌ಗೆಂದು ಬರೆದ ಗೇಮಿಗೂ ಲಿನಕ್ಸಿಗೂ ನಡುವೆ ದುಭಾಷಿಯಂತೆ ಕೂರುವ ಒಂದು ತಂತ್ರಾಂಶ ಬಂದಿದೆ. ಒಬ್ಬರೇ ಕೂತು ಆಡುವ ಗೇಮುಗಳಲ್ಲಿ ಬಹುಪಾಲು ಓಡುತ್ತವೆ. ಆನ್‌ಲೈನಿನಲ್ಲಿ ಹತ್ತಾರು ಜನ ಕೂಡಿ ಗುಂಡು ಹಾರಿಸುವ ಕೆಲವು ಗೇಮುಗಳು ಮಾತ್ರ, ಮೋಸ ಹಿಡಿಯುವ ತಮ್ಮ ಕಾವಲುಗಾರ ಲಿನಕ್ಸನ್ನು ನಂಬದ ಕಾರಣ, ಬಾಗಿಲು ತೆರೆಯುವುದಿಲ್ಲ. ಯಾವುದು ಓಡುತ್ತದೆ, ಯಾವುದು ಕುಂಟುತ್ತದೆ ಎಂದು ಜಗತ್ತಿನ ಎಲ್ಲ ಕಡೆಯ ಆಟಗಾರರು ತಾವೇ ಪರೀಕ್ಷಿಸಿ ಬರೆದು ಹಾಕುವ ಜಾಲತಾಣಗಳಿವೆ. ಅದನ್ನು ಕೇಳಿದ ದಿನ ಮಕ್ತುಮ್ ಸಾಬ್ ಕನ್ನಡಕ ತೆಗೆದು ಒರೆಸಿಕೊಂಡು, ಹಾಗಾದರೆ ಅಲ್ಲಿ ಇನ್‌ಸ್ಪೆಕ್ಷನ್ ಡಿಪಾರ್ಟ್‌ಮೆಂಟ್ ಇದೆಯಾ ಎಂದು ಕೇಳಿದರಂತೆ.

ಅಲ್ಲಿಂದ ಅವರು ಗೇಮ್ ಆಡಿಲ್ಲ, ತಪಾಸಣೆ ಮಾಡಿದ್ದಾರೆ. ಕಾರು ಓಡಿಸುವ ಗೇಮಿನಲ್ಲಿ ರೇಸಿಗೆ ಇಳಿಯದೆ ಬ್ರೇಕ್ ಮಾತ್ರ ನೂರು ಸಲ ಒತ್ತಿದರು. ಕತ್ತಿ ಹಿಡಿದ ವೀರನನ್ನು ಗೋಡೆಗೆ ಮುಖ ಮಾಡಿಸಿ ಅರ್ಧ ಗಂಟೆ ನಿಲ್ಲಿಸಿ, ಯಂತ್ರದ ಬೆನ್ನು ಎಷ್ಟು ಬಿಸಿಯಾಯಿತೆಂದು ಮುಟ್ಟಿ ನೋಡಿದರು. ಅವರು ಕನ್ನಡದಲ್ಲಿ ಬರೆದಿದ್ದನ್ನು ಫಿಜಾ ಇಂಗ್ಲಿಷಿಗೆ ಮಾಡಿ ಹಾಕುತ್ತಾಳೆ. ‘ಎಡ ಗುಂಡಿ ನೂರು ಸಲ ಒತ್ತಿದೆ. ತೊಂಬತ್ತೊಂಬತ್ತು ಸಲ ಕೆಲಸ ಮಾಡಿತು. ಉಳಿದ ಒಂದು ನನ್ನ ಬೆರಳಿನ ತಪ್ಪಿರಬಹುದು’ ಎಂಬ ವರದಿಗೆ ಪೋಲೆಂಡಿನ ಒಬ್ಬರು, ಇಷ್ಟು ಪ್ರಾಮಾಣಿಕ ವರದಿಯನ್ನು ತಾವು ಓದಿಯೇ ಇಲ್ಲ ಎಂದು ಬರೆದರು. ಸಾಬ್ ಆ ಸಾಲನ್ನು ರಿಜಿಸ್ಟರಿನ ಕೊನೆಯ ಪುಟದಲ್ಲಿ ನಕಲು ಮಾಡಿಟ್ಟುಕೊಂಡಿದ್ದಾರೆ.

ಜನವರಿಯಲ್ಲಿ ಫಿಜಾ ಹೊಚ್ಚಹೊಸ ಕೈಯಂತ್ರವೊಂದನ್ನು ತಂದುಕೊಟ್ಟಳು. ಒಳಗೆ ಲಿನಕ್ಸೇ ಇರುವಂಥದ್ದು. ಫುಪ್ಪಾಗೆ ತಪಾಸಣೆಗೆ, ಫುಪ್ಪುಗೆ ಆಟಕ್ಕೆ ಎಂದಳು. ಫುಪ್ಪಾ ಎಂದರೆ ಸೋದರತ್ತೆಯ ಗಂಡ, ಫುಪ್ಪು ಎಂದರೆ ಸೋದರತ್ತೆ ರಶೀದಾ. ಅವರು ಮೇಕೆಮರಿ ಬೆಟ್ಟ ಹತ್ತುವ ಗೇಮನ್ನು ಒಮ್ಮೆ ನೋಡಿದರು, ಆಮೇಲೆ ಆ ಸಂಜೆ ಚಹಾ ಆಗಲಿಲ್ಲ.

ಕೆಂಪು ಚೀಟಿಯ ಕತೆಗೆ ಬರುವ ಮೊದಲು ಉಪ್ಪಿನ ಕತೆ ಹೇಳಬೇಕು.

ರಶೀದಾ ಅವರ ತವರಿನಲ್ಲಿ ಮದುವೆಯ ಬಿರಿಯಾನಿ ಬೇಯಿಸುವ ದೊಡ್ಡ ಹಂಡೆಯ, ಅಂದರೆ ದೇಗಿನ, ಮುಚ್ಚಳ ತೆರೆದ ಕೂಡಲೇ ಬಡಿಸುವುದಿಲ್ಲ. ಮನೆಯ ಒಬ್ಬ ಹಿರಿಯ ಹೆಂಗಸು ಮೊದಲ ಚಮಚ ಬಾಯಿಗಿಟ್ಟು ‘ಉಪ್ಪು ಸರಿ ಐತೆ’ ಎನ್ನಬೇಕು. ಅವರು ಎನ್ನುವವರೆಗೂ ಐನೂರು ಜನ ಕಾಯುತ್ತಾರೆ. ನಲವತ್ತು ವರ್ಷ ಆ ಕೆಲಸ ಅವರ ತಾಯಿಯದಾಗಿತ್ತು. ತಾಯಿ ತೀರಿಕೊಂಡು ಮೂರು ವರ್ಷವಾಯಿತು. ಆಮೇಲೆ ಬಂದ ಮೊದಲ ಮದುವೆ ಫಿಜಾಳದು, ರಂಜಾನ್‌ಗೆ ಮೊದಲಿನ ಭಾನುವಾರ. ಉಪ್ಪು ನೋಡುವವರು ಯಾರು? ಅಕ್ಕ ಗುಲ್ನಾಜ್‌ಗೆ ಅರವತ್ತಮೂರು, ತಾವು ದೊಡ್ಡವರು ಎಂದರು. ರಶೀದಾಗೆ ಅರವತ್ತು, ಕೊನೆಯ ಹತ್ತು ವರ್ಷ ತಾಯಿಯ ಪಕ್ಕ ನಿಂತು ಚಮಚ ಕೊಟ್ಟವಳು ತಾನು ಎಂದರು. ಈ ಅಕ್ಕತಂಗಿಯರು ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುತ್ತಾರೆ. ಜಗಳಕ್ಕೆ ಎರಡೂ ಬೇಕಾಗುತ್ತವೆ. ಎರಡೂ ಭಾಷೆಯಲ್ಲಿ ಹದಿನೈದು ದಿನ ನಡೆದ ಮೇಲೆ ಮದುಮಗಳೇ ತೀರ್ಪುಗಾರಳಾದಳು. ಅಷ್ಟರಲ್ಲಿ ಗುಲ್ನಾಜ್ ಕೂಡ ದಾವಣಗೆರೆಯಲ್ಲಿ, ಮಗನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ, ಅದೇ ಮೇಕೆಮರಿಯ ಹಿಂದೆ ಬಿದ್ದಿದ್ದರು. ಅರವತ್ತು ಹಂತ. ದಿನಕ್ಕೆ ಒಂದೇ ಗಂಟೆ, ಸಂಜೆ ನಾಲ್ಕರಿಂದ ಐದು. ಮದುವೆಗೆ ಮುಂಚಿನ ಶುಕ್ರವಾರದೊಳಗೆ ಮೊದಲು ತುದಿ ಮುಟ್ಟಿದವರು ಉಪ್ಪು ನೋಡುವುದು. ಇಬ್ಬರೂ ಮುಟ್ಟದಿದ್ದರೆ ಹೆಚ್ಚು ಮೇಲಿರುವವರು.

ರಶೀದಾ ಮುಂದಿದ್ದರು. ಗುಲ್ನಾಜ್ ಮೂವತ್ತೆಂಟರಲ್ಲಿ ಏದುಸಿರು ಬಿಡುವಾಗ ಇವರು ನಲವತ್ತೇಳಕ್ಕೆ ಬಂದಿದ್ದರು. ನಲವತ್ತೇಳನೇ ಹಂತವೇ ಹಗ್ಗದ ಸೇತುವೆ. ಅಲ್ಲಿ ಐದು ದಿನ ಮರಿ ಕಣಿವೆಗೆ ಬಿತ್ತು. ಆರನೇ ದಿನ ಸಾಬ್ ಮಧ್ಯೆ ಬಂದು, ರಿಜಿಸ್ಟರು ತೆರೆದು, ಬೆಳಗಿನ ಹೊತ್ತು ತಾವೇ ನೂರು ಸಲ ದಾಟಿಸಲು ನೋಡಿದರು. ನೂರಕ್ಕೆ ನೂರು ಒಂಬತ್ತನೇ ಹಲಗೆ. ಕೆಲಸಗಾರನ ತಪ್ಪಾದರೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಆಗಬೇಕು. ಒಂದೇ ಜಾಗದಲ್ಲಿ ಆದರೆ ಅದು ಮಾಲಿನ ದೋಷ. ಅವರು ಕೆಂಪು ಚೀಟಿ ಬರೆದು ಯಂತ್ರಕ್ಕೆ ಕಟ್ಟಿದರು. ‘ನಲವತ್ತೇಳನೇ ಹಂತ ದಾಟಲು ಬರುವುದಿಲ್ಲ. ಗೇಮ್ ತಿರಸ್ಕೃತ’ ಎಂಬ ವರದಿಯನ್ನು ಫಿಜಾ ಶನಿವಾರ ಜಗತ್ತಿಗೆ ಕಳಿಸಿದಳು.

ಸೋಮವಾರ ಗುಲ್ನಾಜ್ ಐವತ್ತೊಂದು ದಾಟಿದರು. ದಾಟಿದ ಫೋಟೋದ ಜೊತೆ ಒಂದು ಧ್ವನಿ ಸಂದೇಶವೂ ಬಂತು. ‘ರಶೀದಾ, ನಿನ್ ಬಕ್ರಿಗೆ ಕಾಲಿಲ್ಲೇನು? ಲಿನಕ್ಸ್ ಬಕ್ರಿ ಬ್ಯಾಡ, ಒಂದು ವಿಂಡೋಸ್ ಬಕ್ರಿ ಕಟ್ಕೊ.’

ಇಷ್ಟಾದ ಮೇಲಿನ ಮಂಗಳವಾರ ಅದು. ನೂರಾ ಹದಿನಾಲ್ಕನೇ ಸಲ ಮರಿ ಬಿದ್ದ ಸ್ವಲ್ಪ ಹೊತ್ತಿಗೆ ಸಾಬ್‌ರ ಫೋನಿಗೆ ಫಿಜಾಳಿಂದ ಸಂದೇಶ ಬಂತು. ಅವರ ಕೆಂಪು ವರದಿಗೆ ಮೂರು ಉತ್ತರ ಬಂದಿದ್ದವು. ಮೂರೂ ಜನ ಲಿನಕ್ಸಿನಲ್ಲೇ ಆಡುವವರು, ಮೂರೂ ಜನರ ಮೇಕೆ ಸೇತುವೆ ದಾಟಿತ್ತು. ಬ್ರೆಜಿಲಿನ ಒಬ್ಬರು ವಿನಯದಿಂದ ಒಂದು ಪ್ರಶ್ನೆ ಕೇಳಿದ್ದರು. ನಿಮ್ಮ ಯಂತ್ರ ಸೆಕೆಂಡಿಗೆ ಎಷ್ಟು ಚಿತ್ರ ತೋರಿಸುವಂತೆ ಇಟ್ಟಿದ್ದೀರಿ?

ಸಾಬ್ ಅದನ್ನು ಎರಡು ಸಲ ಓದಿದರು. ಆಮೇಲೆ ರಿಜಿಸ್ಟರಿನ ಮೊದಲ ಪುಟಕ್ಕೆ ಹೋದರು. ಅಲ್ಲಿ ಅವರದೇ ದುಂಡು ಅಕ್ಷರ: ‘ಹೊಸ ಯಂತ್ರ. ಮೊದಲ ಇನ್ನೂರು ಗಂಟೆ ಕಡಿಮೆ ವೇಗ. ಸೆಕೆಂಡಿಗೆ ಇಪ್ಪತ್ತು ಚಿತ್ರ.’

ಹೊಸ ಲೇತನ್ನು ಮೊದಲ ದಿನವೇ ಪೂರ್ತಿ ವೇಗದಲ್ಲಿ ಓಡಿಸುವವನು ಹರಿಹರದಲ್ಲಿ ಯಾರೂ ಇರಲಿಲ್ಲ. ಬೇರಿಂಗು, ಹಲ್ಲುಚಕ್ರ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ನಿಧಾನಕ್ಕೆ ಓಡಿಸಿ ಪಳಗಿಸಬೇಕು. ಕೈಯಂತ್ರ ಬಂದ ದಿನ ಸಾಬ್ ಸೆಟ್ಟಿಂಗ್ ಹುಡುಕಿ, ಅರವತ್ತು ಇದ್ದದ್ದನ್ನು ಇಪ್ಪತ್ತಕ್ಕೆ ಇಳಿಸಿದ್ದರು. ಅದರಲ್ಲಿ ಒಂದಕ್ಕೊಂದು ಹೊಂದಿಕೊಳ್ಳಬೇಕಾದ ಹಲ್ಲುಚಕ್ರ ಇಲ್ಲವೆಂಬುದು ಅವರಿಗೆ ಹೊಳೆದಿರಲಿಲ್ಲ. ಬ್ಯಾಟರಿ ಹೆಚ್ಚು ಹೊತ್ತು ಬಂದದ್ದನ್ನು ನೋಡಿ, ಮಾಡಿದ್ದು ಸರಿ ಎಂದೇ ತಿಳಿದಿದ್ದರು. ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೆಂದು ಅನ್ನಿಸಿರಲಿಲ್ಲ.

ತಪಾಸಣೆಯ ನಿಯಮದಂತೆ ಅವರು ಬೇರೇನನ್ನೂ ಮುಟ್ಟದೆ ಅದೊಂದನ್ನೇ ಬದಲಿಸಿದರು. ಇಪ್ಪತ್ತು ಅರವತ್ತಾಯಿತು. ಗುಂಡಿ ಒತ್ತಿದರು. ಅದುವರೆಗೆ ಬಾಣಂತಿಯ ಹಾಗೆ ನಡೆಯುತ್ತಿದ್ದ ಮರಿ ಕಟ್ಟು ಬಿಚ್ಚಿದಂತೆ ಹಾರಿತು. ಹಲಗೆಗಳು ಹಿಂದೆ ಎಲ್ಲೋ ಉದುರುತ್ತಿದ್ದವು. ನಾಲ್ಕು ಸೆಕೆಂಡಿನಲ್ಲಿ ಅದು ಆಚೆ ದಡದಲ್ಲಿತ್ತು. ಮಕ್ತುಮ್ ಸಾಬ್ ಕುರ್ಚಿಯಿಂದ ಎದ್ದು ನಿಂತರು. ಕೋಣೆಯಲ್ಲಿ ಯಾರೂ ಇಲ್ಲದ್ದನ್ನು ನೋಡಿ ಮತ್ತೆ ಕೂತರು. ಇನ್ನೊಂದು ಸಲ ಮಾಡಿದರು, ಮತ್ತೊಂದು ಸಲ. ಹತ್ತಕ್ಕೆ ಹತ್ತು ಸಲ ಮರಿ ದಾಟಿತು. ಹತ್ತನೇ ಸಲ ಅವರು ಮೇಜಿನ ಕೆಳಗೆ ಕಾಲು ಕುಣಿಸುತ್ತಿದ್ದರು.

ಕಾರಣ ಈಗ ಸ್ಪಷ್ಟವಿತ್ತು. ಈ ಗೇಮಿನಲ್ಲಿ ಮರಿ ಹೆಜ್ಜೆ ಇಡುವುದು ಚಿತ್ರಗಳ ಲೆಕ್ಕದಲ್ಲಿ, ಹಲಗೆ ಉದುರುವುದು ಗಡಿಯಾರದ ಲೆಕ್ಕದಲ್ಲಿ. ಚಿತ್ರ ಕಡಿಮೆಯಾದರೆ ಮರಿ ನಿಧಾನ, ಹಲಗೆ ಮಾತ್ರ ತನ್ನ ಹೊತ್ತಿಗೇ ಬೀಳುತ್ತದೆ. ಮೊದಲ ನಲವತ್ತಾರು ಹಂತದಲ್ಲಿ ಗಡಿಯಾರದ ಕೆಲಸವಿರಲಿಲ್ಲ. ಹಾಗಾಗಿ ದೋಷ ಕಾಣಿಸಿರಲಿಲ್ಲ.

ಅಲ್ಲಿಗೆ ಬಂದಾಗ ಸಾಬ್‌ರ ಕಾಲು ನಿಂತಿತು. ಆ ನಲವತ್ತಾರು ಹಂತಗಳನ್ನು ರಶೀದಾ ದಾಟಿದ್ದು ಮೂರರಲ್ಲಿ ಒಂದು ಪಾಲು ವೇಗದ ಮೇಕೆಯಿಂದ. ಯೋಚಿಸಿ, ನೋಡಿ, ಉಸಿರು ಬಿಟ್ಟು ಕಾಲಿಡುವಷ್ಟು ಸಮಯ ಅವರಿಗೆ ಸಿಕ್ಕಿತ್ತು. ಗುಲ್ನಾಜ್‌ರ ಮೇಕೆ ಮೊದಲ ದಿನದಿಂದಲೂ ಹುಚ್ಚು ಓಟದ್ದು. ಇದು ಗೊತ್ತಾದರೆ ಗುಲ್ನಾಜ್ ಬಿಡುವವರಲ್ಲ. ಗೊತ್ತಾಗದಿರಬೇಕೆಂದರೆ ಕೆಂಪು ವರದಿ ಹಾಗೇ ಉಳಿಯಬೇಕು, ಏಕೆಂದರೆ ಅದನ್ನು ಹಿಂಪಡೆಯಲು ಕಾರಣ ಬರೆಯಬೇಕು, ಕಾರಣವನ್ನು ಇಂಗ್ಲಿಷಿಗೆ ಮಾಡುವವಳು ಪಂದ್ಯದ ತೀರ್ಪುಗಾರಳೇ. ಸರಿಯಿರುವ ಮಾಲಿನ ಮೇಲೆ ತಪ್ಪು ಚೀಟಿ ಉಳಿಯಬೇಕು, ಇಲ್ಲವೇ ಹೆಂಡತಿಯ ಕೈಯಿಂದ ಉಪ್ಪಿನ ಚಮಚ ಹೋಗಬೇಕು, ಎರಡರಲ್ಲಿ ಒಂದು.

ಹನ್ನೊಂದಕ್ಕೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತರು. ರಶೀದಾ ರೊಟ್ಟಿ ತಟ್ಟುತ್ತಿದ್ದರು. ಸಾಬ್ ಎಲ್ಲವನ್ನೂ ಕ್ರಮವಾಗಿ, ರಿಜಿಸ್ಟರು ಓದುವ ಹಾಗೆ ಹೇಳಿದರು. ರೊಟ್ಟಿಯ ಸದ್ದು ನಿಂತಿತು.

‘ಅಂದ್ರೆ ಮೂರು ವಾರ ನನ್ ಬಕ್ರಿ ಕಾಲಿಗೆ ಹಗ್ಗ ಕಟ್ಟಿದ್ದು ನೀವಾ?’

‘ಹೊಸ ಮಷೀನು...’

‘ಮದ್ವಿ ಆದಾಗ ನನ್ನೂ ಇನ್ನೂರು ಗಂಟೆ ನಿಧಾನಕ್ಕೆ ಓಡಿಸಿದ್ರೇನ್ರಿ?’

ರಶೀದಾ ಹಿಟ್ಟಿನ ಕೈಯಲ್ಲೇ ಯಂತ್ರ ತರಿಸಿ, ಸಾಬ್‌ರ ಕೈಯಲ್ಲೇ ಹಿಡಿಸಿ, ಮರಿ ಸೇತುವೆ ದಾಟುವುದನ್ನು ನೋಡಿದರು. ಇನ್ನೊಮ್ಮೆ ತೋರಿಸಲು ಹೇಳಿದರು. ನಗು ಬಂದದ್ದನ್ನು ಸೆರಗಿನಿಂದ ಮುಚ್ಚಿಕೊಂಡರು. ಫಿಜಾಳಿಗೆ ತಾವು ಬರೆದು ಕಳಿಸುವುದಾಗಿ ಸಾಬ್ ಹೇಳಿದಾಗ, ಬೇಡ, ಅದಕ್ಕೂ ಮೊದಲು ಅಕ್ಕನಿಗೆ ತಾನೇ ಹೇಳಬೇಕು ಎಂದರು. ಬೇರೆಯವರ ಬಾಯಿಂದ ಕೇಳಿದರೆ ಆಪಾ ಆ ಮಾತನ್ನು ಮೊಮ್ಮಕ್ಕಳ ಮದುವೆಯವರೆಗೂ ಎಳೆಯುತ್ತಾಳೆ. ಅಮ್ಮನ ಚಮಚವನ್ನು ನಿಧಾನದ ಮೇಕೆಯಿಂದ ಗೆದ್ದೆ ಅಂತ ಅನ್ನಿಸಿಕೊಳ್ಳುವುದು ತನಗೂ ಬೇಕಿಲ್ಲ.

ಗುಲ್ನಾಜ್ ಫೋನಿನಲ್ಲಿ ಪೂರ್ತಿ ಕೇಳಿದರು. ಆಮೇಲೆ ಬಹಳ ಹೊತ್ತು ನಕ್ಕರು. ಸಾಬ್ ಗಡಿಯಾರ ನೋಡಿದ್ದರು, ಒಂದೂವರೆ ನಿಮಿಷ. ನಗು ಮುಗಿದ ಮೇಲೆ ಬಂದ ಮಾತು ಮಾತ್ರ ನ್ಯಾಯಾಧೀಶರದು.

‘ನಲವತ್ತಾರೂ ಅಳಿಸು. ಒಂದನೇ ಹಂತದಿಂದ ಮತ್ತೆ ಶುರು ಮಾಡು. ನನ್ ಬಕ್ರಿ ಹೆಂಗೆ ಓಡ್ತೈತೋ ನಿಂದೂ ಹಂಗೇ ಓಡ್ಲಿ.’

‘ನಾಲ್ಕೇ ದಿನ ಐತೆ, ಆಪಾ.’

‘ನಿಮ್ ಸಾಬ್‌ರನ್ನ ಕೇಳು. ಅವರೇ ತಾನೆ ಟೈಮ್ ತಿಂದಿದ್ದು.’

ಫಿಜಾ ತೀರ್ಪನ್ನು ಒಪ್ಪಿದಳು. ಮಧ್ಯಾಹ್ನ ಮಕ್ತುಮ್ ಸಾಬ್ ಯಂತ್ರದ ಬೆನ್ನಿನಿಂದ ದಾರ ಬಿಚ್ಚಿ ಕೆಂಪು ಚೀಟಿಯನ್ನು ರಿಜಿಸ್ಟರಿನೊಳಗೆ ಅಂಟಿಸಿದರು. ಆ ದಿನದ ವರದಿ ನಾಲ್ಕು ಸಾಲಿನದು. ‘ಶನಿವಾರದ ಕೆಂಪು ಚೀಟಿಯನ್ನು ಹಿಂಪಡೆಯುತ್ತಿದ್ದೇನೆ. ಗೇಮಿನಲ್ಲಿ ದೋಷವಿಲ್ಲ. ಲೇತ್ ಎಂದುಕೊಂಡು ಯಂತ್ರದ ವೇಗವನ್ನು ನಾನು ಇಳಿಸಿಟ್ಟಿದ್ದೆ. ದೋಷ ತಪಾಸಕನದು.’ ಸಂಜೆಯೊಳಗೆ ಅದಕ್ಕೆ ನಲವತ್ತು ಜನ ಮೆಚ್ಚುಗೆ ಒತ್ತಿದ್ದರು. ಬ್ರೆಜಿಲಿನವರು, ತಮ್ಮ ತಾತನೂ ಲೇತ್ ಓಡಿಸುತ್ತಿದ್ದರು, ಇದ್ದಿದ್ದರೆ ಅವರೂ ಇದನ್ನೇ ಮಾಡುತ್ತಿದ್ದರು ಎಂದು ಬರೆದರು.

ನಾಲ್ಕು ಗಂಟೆಗೆ ರಶೀದಾ ಒಂದನೇ ಹಂತದಿಂದ ಶುರು ಮಾಡಿದರು. ಮೂರು ವಾರ ಪಳಗಿದ ಬೆರಳುಗಳಿಗೆ ಈ ಮೇಕೆ ಪರಿಚಯದ್ದಲ್ಲ. ಗುಂಡಿ ಮುಟ್ಟಿದರೆ ಬಂಡೆ ದಾಟಿ, ಆಚೆಯ ಬಂಡೆಯನ್ನೂ ದಾಟಿ, ಹಳ್ಳಕ್ಕೆ ಬೀಳುತ್ತಿತ್ತು. ಗೋಡೆಗೆ ಗುದ್ದುತ್ತಿತ್ತು. ಒಮ್ಮೆ ಬಂದ ದಾರಿಯಲ್ಲೇ ವಾಪಸು ಓಡಿಹೋಯಿತು. ಎರಡನೇ ಹಂತದಲ್ಲಿ ಹನ್ನೊಂದು ಸಲ ಬಿದ್ದಾಗ ರಶೀದಾ ನಕ್ಕು ನಕ್ಕು ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಕಣ್ಣೊರೆಸಿಕೊಂಡರು. ಗಂಟೆ ಮುಗಿದಾಗ ಆರು ಹಂತ. ಉಳಿದದ್ದು ಐವತ್ತನಾಲ್ಕು, ಮೂರು ದಿನಕ್ಕೆ.

ಆದರೆ ದಾರಿ ಅವರಿಗೆ ಬಾಯಿಪಾಠವಿತ್ತು. ಎಲ್ಲಿ ಬಂಡೆ ಅಲುಗುತ್ತದೆ, ಎಲ್ಲಿ ಹದ್ದು ಬರುತ್ತದೆ, ಎಲ್ಲ. ಬುಧವಾರ ಬೆರಳು ದಾರಿಗೆ ಬಂದವು. ನಿಧಾನದ ಮೇಕೆಗೆ ಐದಾರು ನಿಮಿಷ ಹಿಡಿಯುತ್ತಿದ್ದ ಹಂತ ಈಗ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಬುಧವಾರ ಇಪ್ಪತ್ಮೂರನೇ ಹಂತ ಮುಗಿಯಿತು, ಗುರುವಾರ ನಲವತ್ತೆರಡನೆಯದು. ಗುಲ್ನಾಜ್ ಅತ್ತ ಐವತ್ತಾರು, ಐವತ್ತೆಂಟು ಎಂದು ಏರುತ್ತಿದ್ದರು, ಆದರೆ ಅವರಿಗೆ ಮುಂದಿನ ದಾರಿಯೆಲ್ಲ ಹೊಸದು. ‘ನಿಂದೂ ಹಂಗೇ ಓಡ್ಲಿ’ ಎಂದು ಹಾಕಿದ ಷರತ್ತು ಅವರಿಗೇ ಮುಳುವಾಗುತ್ತಿದೆ ಎಂದು ಫಿಜಾ ಹೇಳಿದಾಗ ಗುಲ್ನಾಜ್ ಕೊಟ್ಟ ಉತ್ತರ, ತೀರ್ಪುಗಾರಳು ತೀರ್ಪುಗಾರಳ ಹಾಗಿರಬೇಕು ಎಂಬುದು.

ಶುಕ್ರವಾರ ಇಬ್ಬರೂ ಎಸ್.ಎಸ್. ಬಡಾವಣೆಯ ರಜಾಕ್ ಅವರ ಮನೆಯಲ್ಲಿ, ಮದುವೆಯ ಸಾಮಾನಿನ ನಡುವೆ, ಒಂದೇ ಕೋಣೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಮಾಡಿ ಕೂತರು. ಗುಲ್ನಾಜ್ ಲ್ಯಾಪ್‌ಟಾಪನ್ನು ಟ್ರಂಕಿನ ಮೇಲೆ ಇಟ್ಟುಕೊಂಡಿದ್ದರು. ಫಿಜಾಳ ಎರಡೂ ಕೈಗೆ ಮೆಹಂದಿ, ಹಸಿ. ಹಾಗಾಗಿ ಸಮಯ ನೋಡುವ ಕೆಲಸ ಮಕ್ತುಮ್ ಸಾಬ್‌ರದು. ಅವರು ಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡಿದ್ದರು, ಹೆಂಡತಿಯ ಪರದೆಯ ಕಡೆ ನೋಡಲಿಲ್ಲ.

ನಾಲ್ಕೂ ಹತ್ತಕ್ಕೆ ರಶೀದಾರ ಮೇಕೆ ನಲವತ್ತೇಳನೇ ಹಂತದ ಸೇತುವೆ ದಾಟಿತು. ಬಾಗಿಲಲ್ಲಿ ನಿಂತಿದ್ದ ನೆಂಟರು ಚಪ್ಪಾಳೆ ತಟ್ಟಿದರು, ಏಕೆಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಅವರಿಗೂ ದಾರಿ ಹೊಸದು. ಗುಲ್ನಾಜ್ ಐವತ್ತೊಂಬತ್ತರಲ್ಲಿ, ಹಿಮದ ಇಳಿಜಾರಿನಲ್ಲಿ ಜಾರುತ್ತಿದ್ದರು. ಬಿದ್ದಾಗಲೆಲ್ಲ ಅವರು ಮೇಕೆಯ ವಂಶವನ್ನು ಉರ್ದುವಿನಲ್ಲಿ ವಿಚಾರಿಸಿಕೊಳ್ಳುತ್ತಿದ್ದರು. ನಾಲ್ಕೂ ನಲವತ್ತಕ್ಕೆ ರಶೀದಾ ಐವತ್ತೈದು. ನಾಲ್ಕೂ ನಲವತ್ತೊಂಬತ್ತಕ್ಕೆ ಅವರೂ ಅದೇ ಇಳಿಜಾರಿಗೆ ಬಂದರು. ಈಗ ಕೋಣೆಯಲ್ಲಿ ಎರಡು ಮೇಕೆಗಳು ಒಂದೇ ಹಿಮದಲ್ಲಿ ಜಾರುತ್ತಿದ್ದವು. ಒಂದು ‘ಮ್ಯಾ’ ಎಂದರೆ ಕೂಡಲೇ ಇನ್ನೊಂದೂ ಎನ್ನುತ್ತಿತ್ತು. ನಗು ಮೊದಲು ಯಾರಿಂದ ಶುರುವಾಯಿತೋ ತಿಳಿಯದು. ಇಬ್ಬರ ಬೆನ್ನೂ ಒಟ್ಟಿಗೆ ಅಲುಗುತ್ತಿತ್ತು.

ನಗುವಿನಲ್ಲಿ ಗುಲ್ನಾಜ್‌ರ ಬೆರಳು ತಪ್ಪಿತು. ರಶೀದಾರ ಬೆರಳು ತಪ್ಪಲಿಲ್ಲ. ನಾಲ್ಕೂ ಐವತ್ತೇಳಕ್ಕೆ ಅವರ ಮೇಕೆ ಅರವತ್ತನೇ ಹಂತದ ಬಂಡೆ ಹತ್ತಿ, ತುದಿಯಲ್ಲಿ ನಿಂತು, ಸುತ್ತ ನೋಡಿ ಕೂಗಿತು. ಮಕ್ತುಮ್ ಸಾಬ್ ಆಗ ತಿರುಗಿ ನೋಡಿದರು. ಪರದೆಯನ್ನು ಕನ್ನಡಕದ ಹತ್ತಿರ ಹಿಡಿದು ಪರೀಕ್ಷಿಸಿ, ಜೇಬಿನಿಂದ ಹಸಿರು ಚೀಟಿ ತೆಗೆದು, ದಾರದಿಂದ ಯಂತ್ರಕ್ಕೆ ಕಟ್ಟಿದರು.

ಗುಲ್ನಾಜ್ ಲ್ಯಾಪ್‌ಟಾಪ್ ಮುಚ್ಚಿದರು. ‘ಅಮ್ಮ ಇದ್ದಿದ್ರೆ ಇಬ್ರಿಗೂ ಬೈತಿದ್ಲು’ ಎಂದರು. ಆಮೇಲೆ ಫಿಜಾಳ ಕಡೆ ತಿರುಗಿ, ತನಗೂ ಅಂಥದೇ ಒಂದು ಕೈಯಂತ್ರ ತರಿಸಬೇಕು, ಆದರೆ ಅದನ್ನು ಯಾವ ಕಾರಣಕ್ಕೂ ಹರಿಹರಕ್ಕೆ ಕಳಿಸಬಾರದು ಎಂದರು.

ಭಾನುವಾರ ಹನ್ನೆರಡು ಗಂಟೆಗೆ ಶಾದಿ ಮಹಲಿನ ಹಿಂದಿನ ಅಂಗಳದಲ್ಲಿ ದೇಗಿನ ಮುಚ್ಚಳ ತೆರೆಯುತ್ತದೆ. ಚಮಚ ಕೊಡುವವರು ಗುಲ್ನಾಜ್, ಉಪ್ಪು ನೋಡುವವರು ರಶೀದಾ.